ಪಿಕಪ್ 60ಕ್ಕೆ ಹೋದ ಕೂಡಲೇ ನಡುಗ್ತದಾ? ಜಾಯಿಂಟ್ ಶಾಫ್ಟ್ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿ ನೋಡಿ

ಬಂಟ್ವಾಳ: ಬಿ.ಸಿ.ರೋಡಿನಿಂದ ಹೊರಟ ಪಿಕಪ್ 50ರವರೆಗೆ ಸರಿಯಾಗಿಯೇ ಇರ್ತದೆ. 60 ಮುಟ್ಟಿದ ಕೂಡಲೇ ಸೀಟಿನ ಅಡಿಯಿಂದ ಗುಂಯ್ ಅಂತ ನಡುಕ ಶುರು. ಕನ್ನಡಿ ಅದುರಿ ಹಿಂದಿನ ವಾಹನ ಸರಿಯಾಗಿ ಕಾಣುವುದಿಲ್ಲ. ಸ್ಟ್ಯಾಂಡಿನಲ್ಲಿ ಕೇಳಿದರೆ ಒಬ್ಬರು ಟಯರ್ ಅಂತಾರೆ, ಇನ್ನೊಬ್ಬರು ಕ್ರಾಸ್ ಹೋಗಿದೆ ಅಂತಾರೆ, ಮೂರನೆಯವರು ಕ್ಲಚ್ ಪ್ಲೇಟ್ ಅಂತಾರೆ. ಮೂರನ್ನೂ ಬದಲಾಯಿಸಿದ ಮೇಲೂ ನಡುಕ ಇದ್ದಲ್ಲೇ ಇದ್ದರೆ ಹೋದದ್ದು ಮಾಲೀಕನ ಹಣ, ತಪ್ಪಿದ್ದು ಎರಡು ಮೂರು ದಿನದ ಬಾಡಿಗೆ.

ಕೆಎ-19, ಕೆಎ-21, ಕೆಎ-70 ನಂಬರಿನ ಪಿಕಪ್‌ಗಳು ಓಡಾಡುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದಲ್ಲಿ ಈ ತೊಂದರೆ ಹೊಸತೇನಲ್ಲ. ಆದರೆ ನಡುಕದ ಮೂಲ ಹುಡುಕಲು ಸ್ಪ್ಯಾನರಿಗಿಂತ ಮೊದಲು ಬೇಕಾದದ್ದು ಮೂರು ಪ್ರಶ್ನೆಗೆ ಉತ್ತರ. ಯಾವ ಸ್ಪೀಡಿನಲ್ಲಿ? ಯಾವ ಗೇರಿನಲ್ಲಿ? ಲೋಡ್ ಇರುವಾಗಲೋ, ಖಾಲಿ ಇರುವಾಗಲೋ? ಇದನ್ನು ಸರಿಯಾಗಿ ನೋಡಿಕೊಂಡರೆ ಅರ್ಧ ಕೆಲಸ ಖರ್ಚಿಲ್ಲದೆ ಮುಗಿದ ಹಾಗೆ.

ಶಾಫ್ಟ್ ಮಾಡುವ ಕೆಲಸ ಏನು?

ಬೊಲೆರೋ ಪಿಕಪ್, ಟಾಟಾ ಏಸ್, ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್, ಮಾರುತಿ ಸೂಪರ್ ಕ್ಯಾರಿ - ನಮ್ಮಲ್ಲಿ ಸರಕು ಹೊರುವ ಈ ಗಾಡಿಗಳಲ್ಲಿ ಎಂಜಿನ್ ಮುಂದೆ ಅಥವಾ ಸೀಟಿನ ಅಡಿಯಲ್ಲಿರುತ್ತದೆ, ಎಳೆಯುವುದು ಹಿಂದಿನ ಚಕ್ರ. ಗೇರ್ ಬಾಕ್ಸ್‌ನಿಂದ ಹಿಂದಿನ ಡಿಫರೆನ್ಷಿಯಲ್‌ಗೆ ಶಕ್ತಿ ಒಯ್ಯುವ ಉದ್ದದ ಕಬ್ಬಿಣದ ಪೈಪೇ ಪ್ರೊಪೆಲ್ಲರ್ ಶಾಫ್ಟ್. ಗ್ಯಾರೇಜಿನ ಮಾತಿನಲ್ಲಿ ಜಾಯಿಂಟ್ ಶಾಫ್ಟ್.

ರಸ್ತೆಯ ಹೊಂಡಕ್ಕೆ ಹಿಂದಿನ ಆಕ್ಸೆಲ್ ಮೇಲೆ ಕೆಳಗೆ ಹೋಗ್ತಾ ಇರ್ತದೆ, ಗೇರ್ ಬಾಕ್ಸ್ ಮಾತ್ರ ಚಾಸಿಗೆ ಕೂತಲ್ಲೇ ಇರ್ತದೆ. ಹಾಗಾಗಿ ಶಾಫ್ಟಿನ ಎರಡೂ ತುದಿಗೆ ಬಾಗುವ ಜಾಯಿಂಟ್ ಬೇಕು. ಅದರೊಳಗೆ ಕೂಡಿಸು ಚಿಹ್ನೆಯ ಆಕಾರದ ತುಂಡು ಇರುತ್ತದೆ. ಅದೇ ಕ್ರಾಸ್. ನಾಲ್ಕು ತುದಿಗೂ ಸೂಜಿ ಬೇರಿಂಗ್ ತುಂಬಿದ ಟೋಪಿ. ಶಾಫ್ಟಿನ ಉದ್ದ ಹೆಚ್ಚು ಕಡಿಮೆ ಆಗಲು ಒಂದು ಕಡೆ ಹಲ್ಲಿನ ಸ್ಲಿಪ್ ಯೋಕ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಶಾಫ್ಟ್ ಎರಡು ತುಂಡಾಗಿದ್ದು, ನಡುವೆ ರಬ್ಬರಿನಲ್ಲಿ ಕೂರಿಸಿದ ಸೆಂಟರ್ ಬೇರಿಂಗ್ ಇರುತ್ತದೆ. ನಿಮ್ಮ ಗಾಡಿಯಲ್ಲಿ ಯಾವುದು ಅಂತ ಒಮ್ಮೆ ಬಗ್ಗಿ ನೋಡಿದರೆ ಗೊತ್ತಾಗ್ತದೆ.

ಈ ಕ್ರಾಸ್ ಜಾಯಿಂಟಿಗೆ ಹುಟ್ಟಿನಿಂದಲೇ ಒಂದು ಗುಣ ಉಂಟು. ಬಾಗಿದ ಸ್ಥಿತಿಯಲ್ಲಿ ತಿರುಗುವಾಗ ಅದು ಒಂದೇ ಸಮ ವೇಗ ಕೊಡುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಬೇಗ, ಎರಡು ಸಲ ನಿಧಾನ ಆಗುತ್ತದೆ. 10 ಡಿಗ್ರಿ ಬಾಗಿದ್ದರೆ ಈ ಏರಿಳಿತ ನೂರಕ್ಕೆ ಸುಮಾರು ಒಂದೂವರೆಯಷ್ಟು. ಮುಂದಿನ ಜಾಯಿಂಟ್ ಮಾಡುವ ಏರಿಳಿತವನ್ನು ಹಿಂದಿನ ಜಾಯಿಂಟ್ ಸರಿದೂಗಿಸುತ್ತದೆ. ಆದರೆ ಅದಕ್ಕೆ ಎರಡು ಷರತ್ತು. ಎರಡೂ ಕಡೆಯ ಕೋನ ಹೆಚ್ಚು ಕಡಿಮೆ ಒಂದೇ ಇರಬೇಕು, ಶಾಫ್ಟಿನ ಎರಡೂ ತುದಿಯ ಯೋಕ್ ಒಂದೇ ನೇರಕ್ಕೆ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಹೊಸ ಕ್ರಾಸ್ ಹಾಕಿದ ಗಾಡಿ ಕೂಡ ನಡುಗುತ್ತದೆ.

ನಮ್ಮ ರಸ್ತೆ, ನಮ್ಮ ಲೋಡು

ಇಲ್ಲಿನ ಪಿಕಪ್‌ಗಳು ಹೊರುವುದು ಅಡಿಕೆ, ರಬ್ಬರ್ ಶೀಟ್, ತೆಂಗಿನಕಾಯಿ, ಹಂಚು, ಸಿಮೆಂಟ್, ಶಾಮಿಯಾನ, ಎಲ್ಲಕ್ಕಿಂತ ಹೆಚ್ಚಾಗಿ ಕೆಂಪು ಕಲ್ಲು. ಒಂದು ಕಲ್ಲು ಗಾತ್ರಕ್ಕೆ ತಕ್ಕ ಹಾಗೆ ಸುಮಾರು 30 ಕೆ.ಜಿ. ತೂಗಿದರೆ 50 ಕಲ್ಲಿಗೇ ಒಂದೂವರೆ ಟನ್ ಆಯಿತು. ಮಳೆ ನೆನೆದ ಕಲ್ಲಾದರೆ ಇನ್ನೂ ಹೆಚ್ಚು. ಕೋರೆಯಿಂದ ಮೇಲೆ ಬರುವ ಮಣ್ಣಿನ ಏರಿನಲ್ಲಿ ಫಸ್ಟ್ ಗೇರಿನ ಎಳೆತವೆಲ್ಲ ಬೀಳುವುದು ಈ ಎರಡು ಕ್ರಾಸಿನ ಮೇಲೆ.

ಅದರ ಮೇಲೆ ರಸ್ತೆ. ಅಗಲೀಕರಣ ಕಾಮಗಾರಿ ಕಂಡ ಪುಂಜಾಲಕಟ್ಟೆ-ಚಾರ್ಮಾಡಿ, ಮಂಗಳೂರು-ಮೂಡುಬಿದಿರೆ-ಕಾರ್ಕಳ ಹೆದ್ದಾರಿಗಳಲ್ಲಿ ಜಲ್ಲಿ, ಕೆಸರು, ತಿರುವು ರಸ್ತೆ ಯಾವ ಡ್ರೈವರಿಗೂ ಹೊಸತಲ್ಲ. ಸಿದ್ದಕಟ್ಟೆ, ವೇಣೂರು, ಶಿರ್ತಾಡಿ ಕಡೆಯ ಒಳರಸ್ತೆಗಳಲ್ಲಿ ತೋಟದ ಗೇಟಿನವರೆಗೆ ಹೋಗಬೇಕಾದರೆ ಕೆಂಪು ಮಣ್ಣು ಅಡಿಗೆಲ್ಲ ಮೆತ್ತಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ರಾಸಿನ ಟೋಪಿಗೆ ನೀರು ನುಗ್ಗಿ ಗ್ರೀಸ್ ತೊಳೆದು ಹೋದರೆ ಸೂಜಿ ಬೇರಿಂಗ್ ತುಕ್ಕು ಹಿಡಿಯುತ್ತದೆ. ನಡುಕ ಗೊತ್ತಾಗುವುದು ಮಾತ್ರ ಮಳೆ ನಿಂತು ಹೆದ್ದಾರಿಯಲ್ಲಿ ಸ್ಪೀಡ್ ಸಿಕ್ಕಿದ ಮೇಲೆ.

ಮೊದಲು ಖರ್ಚಿಲ್ಲದ ಕೆಲಸ

ರಸ್ತೆಗೆ ಇಳಿಯುವ ಮೊದಲು ಗಾಡಿಯ ಅಡಿಭಾಗಕ್ಕೆ ಪ್ರೆಶರ್ ವಾಷ್ ಮಾಡಿಸಿ. ರಿಮ್ಮಿನ ಒಳಬದಿಗೆ ಒಂದೇ ಕಡೆ ಒಣಗಿ ಕೂತ ಮಣ್ಣಿನ ಹೆಂಟೆ ಸಾಕು, ಚಕ್ರದ ಬ್ಯಾಲೆನ್ಸ್ ತಪ್ಪಿಸಲು. ಶಾಫ್ಟಿನ ಪೈಪಿಗೆ ಅಂಟಿದ ಮಣ್ಣು, ಡಾಂಬರು ಸಹ ಹಾಗೆಯೇ. ನೀರು ಹೊಡೆದ ಮೇಲೆ ನಡುಕ ಹೋದರೆ ಅಲ್ಲಿಗೆ ಮುಗಿಯಿತು.

ಆಮೇಲೆ ನಾಲ್ಕೂ ಟಯರಿನ ಗಾಳಿ ನೋಡಿ, ಚಕ್ರದ ನಟ್ ಬಿಗಿ ಇದೆಯಾ ನೋಡಿ. ಟಯರಿನಲ್ಲಿ ಉಬ್ಬು, ಒಂದೇ ಕಡೆ ಸವೆತ ಇದೆಯಾ ಅಂತ ಕೈಯಾಡಿಸಿ ನೋಡಿ. ರಿಮ್ ಬೆಂಡ್ ಆಗಿದೆಯಾ ಗಮನಿಸಿ. ಸ್ಟೀರಿಂಗ್ ಹೆಚ್ಚು ನಡುಗಿದರೆ ಸಂಶಯ ಮುಂದಿನ ಚಕ್ರದ ಮೇಲೆ. ಸೀಟು, ಫ್ಲೋರ್, ಹಿಂದಿನ ಬಾಡಿ ನಡುಗಿದರೆ ಹಿಂದಿನ ಚಕ್ರ ಅಥವಾ ಶಾಫ್ಟ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಅದು ಡ್ರಮ್ ಅಥವಾ ಡಿಸ್ಕಿನ ಕತೆ, ಶಾಫ್ಟ್ ಮುಟ್ಟುವ ಅಗತ್ಯ ಇಲ್ಲ.

ರಸ್ತೆ ಪರೀಕ್ಷೆ: ಐದು ಹಂತ

ಹಗಲು ಹೊತ್ತು, ಒಣ ರಸ್ತೆ, ಸಮತಟ್ಟಾದ ನೇರ ಜಾಗ ಬೇಕು. ಬಿ.ಸಿ.ರೋಡ್-ಮಂಗಳೂರು ಚತುಷ್ಪಥದಲ್ಲಿ ವಾಹನ ಕಡಿಮೆ ಇರುವ ಬೆಳಗ್ಗೆ ಹೊತ್ತು ಆಗಬಹುದು. ಚಾರ್ಮಾಡಿ ಇಳಿಜಾರಿನಲ್ಲಿ ಯಾವ ಪರೀಕ್ಷೆಯೂ ಬೇಡ. ಜೊತೆಗೆ ಒಬ್ಬರು ಕೂತು ಬರೆದುಕೊಳ್ಳಲಿ, ಡ್ರೈವರ್ ರಸ್ತೆ ಮಾತ್ರ ನೋಡಲಿ.

1. ನಿಂತಲ್ಲೇ ರೇಸ್ ಮಾಡುವುದು: ನ್ಯೂಟ್ರಲ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ ನಿಧಾನಕ್ಕೆ ರೇಸ್ ಮಾಡಿ. ಅದೇ ನಡುಕ ಇಲ್ಲಿಯೂ ಬಂದರೆ ಎಂಜಿನ್ ಮೌಂಟಿಂಗ್, ಇಂಜೆಕ್ಟರ್, ಕ್ಲಚ್ ಕಡೆ ನೋಡಬೇಕು. ಗಾಡಿ ನಿಂತಿರುವಾಗ ಶಾಫ್ಟ್ ತಿರುಗುವುದೇ ಇಲ್ಲ, ಹಾಗಾಗಿ ತಪ್ಪು ಅದರದ್ದಲ್ಲ.

2. ಸ್ಪೀಡ್ ಹಿಡಿದು ನೋಡುವುದು: 30ರಿಂದ ನಿಧಾನಕ್ಕೆ ಏರಿಸುತ್ತಾ ನಡುಕ ಎಲ್ಲಿ ಶುರು, ಎಲ್ಲಿ ಜೋರು, ಎಲ್ಲಿ ಕಡಿಮೆ ಅಂತ ಬರೆಯಿರಿ. ಕಾನೂನಿನ ಮಿತಿ ದಾಟಿ ಹೋಗುವ ಅಗತ್ಯ ಇಲ್ಲ.

3. ಗೇರ್ ಬದಲಿಸಿ ನೋಡುವುದು: ನಡುಕ ಇರುವ ಸ್ಪೀಡಿನಲ್ಲೇ ಟಾಪ್ ಗೇರಿನಿಂದ ಒಂದು ಗೇರ್ ಇಳಿಸಿ. ಎಂಜಿನ್ ಜೋರಾಗಿ ತಿರುಗುತ್ತದೆ, ಆದರೆ ಶಾಫ್ಟ್ ಮತ್ತು ಚಕ್ರದ ವೇಗ ಬದಲಾಗುವುದಿಲ್ಲ. ನಡುಕ ಅದೇ ಸ್ಪೀಡಿನಲ್ಲಿ ಹಾಗೇ ಇದ್ದರೆ ಮೂಲ ಗೇರ್ ಬಾಕ್ಸ್‌ನ ಹಿಂದೆ ಉಂಟು. ಗೇರ್ ಇಳಿಸಿದ ಕೂಡಲೇ ನಡುಕದ ಸ್ಪೀಡೂ ಬದಲಾದರೆ ಎಂಜಿನ್ ಅಥವಾ ಕ್ಲಚ್ ಕಡೆ.

4. ಎಕ್ಸಲರೇಟರ್ ಒತ್ತಿ ಬಿಟ್ಟು ನೋಡುವುದು: ಒತ್ತಿದಾಗ ಜೋರಾಗಿ, ಕಾಲು ತೆಗೆದ ಕೂಡಲೇ ಕಡಿಮೆ ಆದರೆ ಕ್ರಾಸ್, ಕೋನ, ಸೆಂಟರ್ ಬೇರಿಂಗ್, ಪಿನಿಯನ್ ಬೇರಿಂಗ್ ಮೇಲೆ ಸಂಶಯ. ಒತ್ತಿದರೂ ಬಿಟ್ಟರೂ ಒಂದೇ ರೀತಿ ಇದ್ದರೆ ಶಾಫ್ಟಿನ ಬ್ಯಾಲೆನ್ಸ್ ಅಥವಾ ಟಯರ್.

5. ನಡುಕದ ಗತಿ: ಇಲ್ಲಿ ಲೆಕ್ಕ ಸಹಾಯಕ್ಕೆ ಬರ್ತದೆ. ಟಯರಿನ ಸುತ್ತಳತೆ 2.2 ಮೀಟರ್, ಡಿಫರೆನ್ಷಿಯಲ್ ಅನುಪಾತ 4 ಅಂತ ಇಟ್ಟುಕೊಳ್ಳಿ. 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಏಳೂವರೆ ಸುತ್ತು, ಶಾಫ್ಟ್ ಸುಮಾರು 30 ಸುತ್ತು. ಟಯರಿನ ನಡುಕ ಹೊಯ್ದಾಡಿದ ಹಾಗೆ ಇರ್ತದೆ. ಶಾಫ್ಟಿನ ನಡುಕ ಗುಂಯ್‌ಗುಟ್ಟಿದ ಹಾಗೆ, ಫ್ಲೋರಿನಲ್ಲಿ ಕಾಲಿಟ್ಟರೆ ಜುಮ್ ಅಂತದೆ. ಜಾಯಿಂಟಿನ ಕೋನ ತಪ್ಪಿದ್ದರೆ ಸುತ್ತಿಗೆ ಎರಡು ಸಲದ ಲೆಕ್ಕದಲ್ಲಿ ಸೆಕೆಂಡಿಗೆ 60.

ನಿಮ್ಮ ಗಾಡಿಯ ಸುತ್ತಳತೆ ಮತ್ತು ಅನುಪಾತ ಬೇರೆ ಇರಬಹುದು. ಟಯರಿಗೂ ಶಾಫ್ಟಿಗೂ ಚಾಕ್ ಗುರುತು ಹಾಕಿ, ಸಮತಟ್ಟಿನಲ್ಲಿ ನ್ಯೂಟ್ರಲ್ ಮಾಡಿ ಗಾಡಿ ತಳ್ಳಿಸಿ, ಬದಿಯಿಂದ ನೋಡಿ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಗಾಡಿ ಹೋದ ದೂರವೇ ಸುತ್ತಳತೆ, ಶಾಫ್ಟ್ ತಿರುಗಿದ ಸುತ್ತೇ ಅನುಪಾತ. ಸ್ಟೀರಿಂಗಿನ ಹತ್ತಿರ ಒಬ್ಬರು ಇರಲೇಬೇಕು.

ಕೈಯಲ್ಲಿ ಅಂದಾಜು ಸಿಗದಿದ್ದರೆ ಫೋನ್ ಉಂಟು. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಫೋನಿನ ಸೆನ್ಸರ್ ಬಳಸಿ ನಡುಕ ಸೆಕೆಂಡಿಗೆ ಎಷ್ಟು ಸಲ ಅಂತ ನೋಡಬಹುದು. ಫೋನನ್ನು ಫ್ಲೋರಿಗೆ ಟೇಪ್ ಹಾಕಿ ಅಂಟಿಸಿ, ಪಕ್ಕದವರು ನೋಡಲಿ. 60 ಕಿ.ಮೀ.ನಲ್ಲಿ ಗೆರೆ 7-8ರ ಹತ್ತಿರ ಎದ್ದರೆ ಚಕ್ರ, 30ರ ಹತ್ತಿರ ಎದ್ದರೆ ಶಾಫ್ಟ್. ಕೆಲವು ಫೋನಿನ ಸೆನ್ಸರಿಗೆ 60ರಷ್ಟು ವೇಗದ ನಡುಕ ಹಿಡಿಯಲು ಆಗುವುದಿಲ್ಲ ಎಂಬುದು ನೆನಪಿರಲಿ. ಇನ್ನೊಂದು ಮಾತು: ಎಂಜಿನ್ನಿನ ನಡುಕವೂ ಇದೇ ಹತ್ತಿರದಲ್ಲಿ ಬರಬಹುದು. ಹಾಗಾಗಿ ಮೂರನೇ ಹಂತದ ಗೇರ್ ಪರೀಕ್ಷೆ ಬಿಡಬಾರದು.

ಟಯರೇ ಇರಬಹುದು ಎಂಬ ಸಂಶಯ ಉಳಿದರೆ ಹಿಂದಿನ ಚಕ್ರ ಮುಂದಕ್ಕೆ, ಮುಂದಿನದ್ದು ಹಿಂದಕ್ಕೆ ಹಾಕಿ ನೋಡಿ. ನಡುಕ ಜಾಗ ಬದಲಿಸಿದರೆ ಟಯರ್. ಬದಲಿಸದೆ ಇದ್ದರೆ ಅಡಿಗೆ ಹೋಗಲೇಬೇಕು.

ಲಕ್ಷಣ ನೋಡಿ ಸಂಶಯ ಪಡಿ

- ಗೇರ್ ಹಾಕಿ ಕ್ಲಚ್ ಬಿಡುವಾಗ ಟಕ್ ಅಂತ ಶಬ್ದ, ನಿಧಾನ ಹೋಗುವಾಗ ಹಕ್ಕಿ ಕೂಗಿದ ಹಾಗೆ ಚಿಂವ್ ಚಿಂವ್: ಕ್ರಾಸ್ ಒಣಗಿದೆ ಅಥವಾ ಸವೆದಿದೆ. ಟೋಪಿಯ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಸಂಶಯವೇ ಬೇಡ.
- ಲೋಡ್ ಹಾಕಿ ಹೊರಡುವಾಗ 10ರಿಂದ 25ರ ಒಳಗೆ ಗಡಗಡ, ಆಮೇಲೆ ಸರಿ: ಎರಡು ತುಂಡಿನ ಶಾಫ್ಟ್ ಆಗಿದ್ದರೆ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿರಬಹುದು. ಕ್ಲಚ್ ಅಂತ ತಪ್ಪು ತಿಳಿಯುವುದು ಹೆಚ್ಚಾಗಿ ಇದನ್ನೇ.
- ಒಂದು ನಿರ್ದಿಷ್ಟ ಸ್ಪೀಡಿನಿಂದ ಶುರುವಾಗಿ ಎಕ್ಸಲರೇಟರ್ ಬಿಟ್ಟರೂ ಬದಲಾಗದ ಗುಂಯ್: ಶಾಫ್ಟಿಗೆ ಕಲ್ಲು ಬಡಿದು ತಗ್ಗು ಬಿದ್ದಿದೆ, ಬೆಂಡ್ ಆಗಿದೆ ಅಥವಾ ಬ್ಯಾಲೆನ್ಸ್ ತುಂಡು ಬಿದ್ದು ಹೋಗಿದೆ.
- ಖಾಲಿ ಇರುವಾಗ ನಡುಕ, ಲೋಡ್ ಹಾಕಿದರೆ ಸರಿ: ಕೋನದ ತೊಂದರೆ. ಹಿಂದೆ ಹೆಚ್ಚುವರಿ ಪ್ಲೇಟ್ ಹಾಕಿಸಿದ ಗಾಡಿಯಲ್ಲಿ ಮೊದಲು ಇದನ್ನು ನೋಡಿ.
- ಲೋಡ್ ಇರುವಾಗ ಮಾತ್ರ ನಡುಕ: ಪ್ಲೇಟ್ ಸೋತಿದೆ, ಪ್ಲೇಟ್ ಸೆಟ್ಟಿನ ನಡುವಿನ ಬೋಲ್ಟ್ ತುಂಡಾಗಿ ಆಕ್ಸೆಲ್ ಜರುಗಿದೆ, ಅಥವಾ ಗೇರ್ ಬಾಕ್ಸ್ ಮೌಂಟಿಂಗ್ ಕುಸಿದಿದೆ.
- ಗ್ಯಾರೇಜಿನಿಂದ ಹೊರಬಂದ ದಿನವೇ ಶುರುವಾದ ನಡುಕ: ಕ್ಲಚ್ ಕೆಲಸಕ್ಕೆ ಬಿಚ್ಚಿದ ಶಾಫ್ಟನ್ನು ಗುರುತು ತಪ್ಪಿಸಿ ಜೋಡಿಸಿರಬಹುದು.
- ನಿಲ್ಲುವಾಗ, ಹೊರಡುವಾಗ ಒಂದೇ ಒಂದು ಧಡ್: ಸ್ಲಿಪ್ ಯೋಕಿನ ಹಲ್ಲು ಒಣಗಿದೆ ಅಥವಾ ಸವೆದಿದೆ. ಆ್ಯಕ್ಸೆಲ್‌ನ ಯು ಬೋಲ್ಟ್ ಸಡಿಲ ಇದ್ದರೂ ಹೀಗಾಗ್ತದೆ.

ಅಡಿಯಲ್ಲಿ ನೋಡುವುದು ಹೇಗೆ?

ಮೊದಲು ಜೀವ. ಸಮತಟ್ಟು ನೆಲ, ಎಂಜಿನ್ ಆಫ್, ಕೀ ನಿಮ್ಮ ಕಿಸೆಯಲ್ಲಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ. ಜಾಕ್ ಮಾತ್ರ ಕೊಟ್ಟು ಅಡಿಗೆ ಹೋಗುವುದು ಬೇಡವೇ ಬೇಡ, ಗಟ್ಟಿ ಸ್ಟ್ಯಾಂಡ್ ಅಥವಾ ಗ್ಯಾರೇಜಿನ ಗುಂಡಿ ಬೇಕು. ಕೆಂಪು ಕಲ್ಲನ್ನು ಸ್ಟ್ಯಾಂಡ್ ಮಾಡುವುದು ಇಲ್ಲಿ ಅಭ್ಯಾಸ. ಆದರೆ ಆ ಕಲ್ಲು ಒತ್ತಡಕ್ಕೆ ಹೇಳದೆ ಕೇಳದೆ ಒಡೆಯುತ್ತದೆ. ಚಕ್ರ ಎತ್ತಿ ಎಂಜಿನ್ ಓಡಿಸಿ ಶಾಫ್ಟ್ ತಿರುಗಿಸಿ ನೋಡುವ ಸಾಹಸ ಕೂಡ ಬೇಡ.

ಗೇರ್ ನ್ಯೂಟ್ರಲ್‌ನಲ್ಲಿಟ್ಟು ಶಾಫ್ಟ್ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕ್ರಾಸಿನ ಜಾಗದಲ್ಲಿ ಕಣ್ಣಿಗೆ ಕಾಣುವ ಆಟ ಇದ್ದರೆ ಅದು ಬದಲಾಗಬೇಕು. ಶಾಫ್ಟನ್ನು ತಿರುಗಿಸಿದಾಗ ಸ್ವಲ್ಪ ಆಟ ಡಿಫರೆನ್ಷಿಯಲ್ ಹಲ್ಲಿನಲ್ಲೂ ಇರ್ತದೆ, ಅದು ಸಹಜ. ನೋಡಬೇಕಾದದ್ದು ಕ್ರಾಸಿನ ಒಂದು ಬದಿಯ ಯೋಕ್ ತಿರುಗಿ ಇನ್ನೊಂದು ಬದಿ ನಿಂತಿರುತ್ತದೆಯಾ ಎಂದು.

ಹಿಂದಿನ ಫ್ಲ್ಯಾಂಜ್ ಅಲ್ಲಾಡಿದರೆ ಪಿನಿಯನ್ ಬೇರಿಂಗ್, ಮುಂದಿನದ್ದು ಅಲ್ಲಾಡಿದರೆ ಗೇರ್ ಬಾಕ್ಸ್ ಬೇರಿಂಗ್. ಅಲ್ಲಿ ಆಯಿಲ್ ಸೋರಿದ ಗುರುತೂ ಸಿಗಬಹುದು. ಫ್ಲ್ಯಾಂಜ್ ಬೋಲ್ಟ್ ನಾಲ್ಕೂ ಇವೆಯಾ, ಬಿಗಿ ಇವೆಯಾ ನೋಡಿ. ಪೈಪಿನ ಮೇಲೆ ವೆಲ್ಡ್ ಮಾಡಿದ ಸಣ್ಣ ಚೌಕದ ತುಂಡುಗಳೇ ಬ್ಯಾಲೆನ್ಸ್ ತೂಕ. ತುಂಡಿಲ್ಲದೆ ಬರೀ ವೆಲ್ಡಿನ ಗುರುತು ಇದ್ದರೆ ಅದು ಬಿದ್ದು ಹೋಗಿದೆ.

ಯೋಕ್ ಮತ್ತು ಪೈಪಿನ ಮೇಲಿನ ಬಾಣದ ಗುರುತು ಎದುರುಬದುರು ಇರಬೇಕು. ಗುರುತು ಅಳಿಸಿದ್ದರೆ ಒಂದೇ ಪೈಪಿನ ಎರಡು ತುದಿಯ ಯೋಕ್ ಒಂದೇ ನೇರಕ್ಕೆ ಇವೆಯಾ ಅಂತ ಕಣ್ಣಳತೆಯಲ್ಲಿ ನೋಡಬಹುದು. ಎರಡು ತುಂಡಿನ ಶಾಫ್ಟ್ ಆದರೆ ಕಂಪೆನಿಯ ಗುರುತೇ ಪ್ರಮಾಣ.

ಕೋನಕ್ಕೆ ಫೋನಿನ ಲೆವೆಲ್ ಸಾಕು. ಚಕ್ರ ನೆಲದಲ್ಲೇ ಇರುವಾಗ ಗೇರ್ ಬಾಕ್ಸ್, ಶಾಫ್ಟ್, ಡಿಫರೆನ್ಷಿಯಲ್ ಫ್ಲ್ಯಾಂಜ್ ಮೂರರ ಓರೆ ಅಳೆಯಿರಿ. ಎರಡೂ ಜಾಯಿಂಟಿನ ಕೋನದ ವ್ಯತ್ಯಾಸ ಸುಮಾರು ಒಂದು ಡಿಗ್ರಿಯ ಒಳಗೆ ಇದ್ದರೆ ಒಳ್ಳೆಯದು. ಇದನ್ನು ದಿನಾ ಹಾಕುವಷ್ಟು ಲೋಡ್ ಇಟ್ಟು ಒಮ್ಮೆ, ಖಾಲಿ ಮಾಡಿ ಒಮ್ಮೆ ಅಳೆದರೆ ಪ್ಲೇಟಿನ ಕತೆ ಹೊರಗೆ ಬರ್ತದೆ.

ರಿಪೇರಿಯಲ್ಲಿ ಆಗುವ ತಪ್ಪುಗಳು

ಶಾಫ್ಟ್ ಬಿಚ್ಚುವ ಮೊದಲು ಪೇಂಟಿನಿಂದ ಗುರುತು ಹಾಕಿಸಿ. ಎರಡು ಫ್ಲ್ಯಾಂಜ್, ಸ್ಲಿಪ್ ಯೋಕ್ ಎಲ್ಲ ಕಡೆಯೂ ಬೇಕು. ಎರಡು ನಿಮಿಷದ ಕೆಲಸ, ಆದರೆ ನಂತರ ಎರಡು ದಿನ ಉಳಿಸ್ತದೆ.

ಹೊಸ ಕ್ರಾಸನ್ನು ಸುತ್ತಿಗೆಯಿಂದ ಬಡಿದು ಕೂರಿಸುವಾಗ ಒಳಗಿನ ಒಂದು ಸೂಜಿ ಅಡ್ಡ ಬಿದ್ದರೂ ಟೋಪಿ ಪೂರ್ತಿ ಕೂರುವುದಿಲ್ಲ, ಲಾಕ್ ಸರಿ ಕಚ್ಚುವುದಿಲ್ಲ. ವೈಸ್ ಅಥವಾ ಪ್ರೆಸ್ಸಿನಲ್ಲಿ ಒತ್ತಿ ಕೂರಿಸುವುದು ಸರಿ. ಕೂರಿಸಿದ ಮೇಲೆ ಜಾಯಿಂಟ್ ಎಲ್ಲ ದಿಕ್ಕಿಗೂ ಕೈಯಲ್ಲೇ ಬಾಗಬೇಕು. ಒಂದು ಕಡೆ ಹಿಡಿದರೆ ಅದೂ ನಡುಕಕ್ಕೆ ದಾರಿ.

ಬೆಂಡ್ ಆದ ಶಾಫ್ಟನ್ನು ಬಿಸಿ ಮಾಡಿ ನೇರ ಮಾಡಿಸುವುದು, ಪೈಪ್ ತುಂಡರಿಸಿ ವೆಲ್ಡ್ ಮಾಡಿಸುವುದು ಹಣ ಉಳಿಸಿದ ಹಾಗೆ ಕಾಣುತ್ತದೆ. ಆದರೆ ಶಾಫ್ಟ್ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕದೆ ಅದನ್ನು ಗಾಡಿಗೆ ಕಟ್ಟಿದರೆ ಮೊದಲಿಗಿಂತ ಹೆಚ್ಚು ನಡುಗುತ್ತದೆ. ಸೆಕೆಂಡಿಗೆ 30 ಸುತ್ತು ತಿರುಗುವ ಪೈಪಿಗೆ ಕಣ್ಣಂದಾಜು ಸಾಲದು.

ಹೆಚ್ಚು ಲೋಡಿಗೆ ಅಂತ ಒಂದೆರಡು ಪ್ಲೇಟ್ ಏರಿಸುವವರು ಗಮನಿಸಬೇಕಾದ ವಿಷಯ ಇನ್ನೊಂದು. ಪ್ಲೇಟ್ ಏರಿದರೆ ಗಾಡಿ ಎತ್ತರ ಆಗ್ತದೆ, ಶಾಫ್ಟಿನ ಕೋನ ಬದಲಾಗ್ತದೆ, ಕ್ರಾಸ್ ಬೇಗ ಹೋಗ್ತದೆ. ಆರ್.ಸಿ.ಯಲ್ಲಿ ಬರೆದ ತೂಕ ಮಾತ್ರ ಏರುವುದಿಲ್ಲ. ಬಾಡಿಗೆಗೆ ಕರೆಯುವ ಅಂಗಡಿಯವರೂ ಇದನ್ನು ತಿಳಿದಿರುವುದು ಒಳ್ಳೆಯದು. ಎರಡು ಟ್ರಿಪ್ಪಿನ ಸಾಮಾನನ್ನು ಒಂದೇ ಟ್ರಿಪ್ಪಿಗೆ ಒತ್ತಾಯ ಮಾಡಿದರೆ ದಾರಿಯಲ್ಲಿ ನಿಲ್ಲುವುದು ಅವರದ್ದೇ ಸಾಮಾನು.

ಯಾವಾಗ ಓಡಿಸಲೇಬಾರದು?

ಟಕ್ ಟಕ್ ಶಬ್ದ ದಿನದಿಂದ ದಿನಕ್ಕೆ ಜೋರಾಗುತ್ತಿದ್ದರೆ, ಕ್ರಾಸಿನಲ್ಲಿ ಆಟ ಕಂಡರೆ, ಫ್ಲ್ಯಾಂಜ್ ಬೋಲ್ಟ್ ಬಿದ್ದಿದ್ದರೆ ಗಾಡಿ ಅಲ್ಲೇ ನಿಲ್ಲಿಸಬೇಕು. ನಾಳೆ ನೋಡುವ ಅನ್ನುವ ಕೇಸ್ ಇದಲ್ಲ. ಮುಂದಿನ ಕ್ರಾಸ್ ತುಂಡಾದರೆ ಶಾಫ್ಟಿನ ತುದಿ ರಸ್ತೆಗೆ ಬೀಳುತ್ತದೆ. ಪಕ್ಕದ ಬ್ರೇಕ್ ಪೈಪ್, ಡೀಸೆಲ್ ಪೈಪಿಗೂ ಬಡಿಯಬಹುದು.

ಘಾಟಿಯಲ್ಲಿ ಅಪಾಯ ಇನ್ನೂ ದೊಡ್ಡದು. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವಾಗ ಡ್ರೈವರ್ ಸೆಕೆಂಡ್ ಗೇರಿನಲ್ಲಿ ಎಂಜಿನ್ನಿನ ಹಿಡಿತ ನಂಬಿ ಇಳಿಯುತ್ತಾನೆ. ಆ ಹಿಡಿತ ಹಿಂದಿನ ಚಕ್ರಕ್ಕೆ ತಲುಪುವುದು ಇದೇ ಶಾಫ್ಟಿನ ಮೂಲಕ. ಶಾಫ್ಟ್ ತುಂಡಾದರೆ ಗೇರಿನಲ್ಲಿದ್ದರೂ ಗಾಡಿ ನ್ಯೂಟ್ರಲ್‌ನಲ್ಲಿ ಇದ್ದ ಹಾಗೆ. ಲೋಡಿನ ಭಾರವೆಲ್ಲ ಬಿಸಿಯಾದ ಬ್ರೇಕಿನ ಮೇಲೆ. ಹಾಗಾಗಿ ನಡುಕದ ಗಾಡಿಯಲ್ಲಿ ಘಾಟಿ ಬಾಡಿಗೆ ಒಪ್ಪಿಕೊಳ್ಳಬಾರದು.

ದಾರಿಯಲ್ಲಿ ತುಂಡಾದರೆ ಎಂಜಿನ್ ಆಫ್ ಮಾಡಬೇಡಿ, ಬ್ರೇಕಿನ ಬೂಸ್ಟರ್ ಕೆಲಸ ಮಾಡಲು ಎಂಜಿನ್ ಓಡುತ್ತಿರಬೇಕು. ಎಕ್ಸಲರೇಟರ್ ಬಿಟ್ಟು, ಕಾಲಿನ ಬ್ರೇಕಿನಿಂದ ಎಡಕ್ಕೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಗೇರಿನಲ್ಲಿ ಇಟ್ಟರೆ ಗಾಡಿ ನಿಲ್ಲುತ್ತದೆ ಅಂತ ನಂಬಬೇಡಿ. ಟೋ ಮಾಡುವುದಾದರೆ ಶಾಫ್ಟ್ ಪೂರ್ತಿ ಬಿಚ್ಚಿ ಅಥವಾ ಹಿಂದಿನ ಚಕ್ರ ಎತ್ತಿಸಿ. ಗೇರ್ ಬಾಕ್ಸ್‌ನಿಂದ ಸ್ಲಿಪ್ ಯೋಕ್ ಎಳೆದರೆ ಆಯಿಲ್ ಸುರಿಯುತ್ತದೆ, ಆ ತೂತು ಮುಚ್ಚಬೇಕು.

ಮಳೆಗಾಲಕ್ಕೆ ಮುಂಚೆ, ಮಳೆಗಾಲದ ಮೇಲೆ

ಕ್ರಾಸಿಗೆ ನಿಪ್ಪಲ್ ಇದ್ದರೆ ಮ್ಯಾನುವಲ್‌ನಲ್ಲಿ ಹೇಳಿದ ಕಿ.ಮೀ.ಗೆ ಗ್ರೀಸ್ ಹೊಡೆಸಿ. ನಾಲ್ಕೂ ಟೋಪಿಯಿಂದ ಹೊಸ ಗ್ರೀಸ್ ಹೊರಗೆ ಇಣುಕಬೇಕು, ಒಂದರಲ್ಲಿ ಬರದಿದ್ದರೆ ಅದೇ ಮೊದಲು ಸಾಯುವ ಬೇರಿಂಗ್. ಗಾಡಿ ನೀರಿನಲ್ಲಿ ಮುಳುಗಿ ಬಂದರೆ ಕಿ.ಮೀ. ಲೆಕ್ಕ ಬಿಟ್ಟು ಕೂಡಲೇ ಹೊಡೆಸಿ. ನಿಪ್ಪಲ್ ಇಲ್ಲದ ಸೀಲ್ಡ್ ಕ್ರಾಸಿಗೆ ಗ್ರೀಸ್ ಇಲ್ಲ, ಆಟ ಬಂದರೆ ಬದಲಿಸುವುದೇ ದಾರಿ.

ಗ್ಯಾರೇಜಿಗೆ ಹೋದಾಗ "ಗಾಡಿ ನಡುಗ್ತದೆ, ನೋಡಿ" ಅಂತ ಬಿಟ್ಟು ಬರಬೇಡಿ. "ಖಾಲಿ ಇರುವಾಗ 60ರಿಂದ ಶುರು, ಗೇರ್ ಬದಲಿಸಿದರೂ ಹೋಗುವುದಿಲ್ಲ, ಕಾಲು ತೆಗೆದರೆ ಕಡಿಮೆ, ಹೋದ ತಿಂಗಳು ಪ್ಲೇಟ್ ಹಾಕಿಸಿದ್ದು" ಅಂತ ಹೇಳಿ. ಇಷ್ಟು ಕೇಳಿದ ಮೆಕ್ಯಾನಿಕ್ ಟಯರಿನಿಂದ ಶುರು ಮಾಡುವುದಿಲ್ಲ, ನೇರ ಕೋನ ಅಳೆಯುತ್ತಾರೆ.